ಹಣ್ಣು ಹುಳದ ಭಾನುವಾರ

ನಾನು ಮೈದಾನದಲ್ಲಿ ಕೂಗುವವಳಲ್ಲ. ಮಡಕಶಿರದ ರತ್ನಗಿರಿ ಮಹಿಳಾ ಫುಟ್‌ಬಾಲ್ ಕ್ಲಬ್ಬಿಗೆ ಖಾಯಂ ಅಭಿಮಾನಿಗಳು ಹನ್ನೆರಡು ಜನ. ಹನ್ನೊಂದು ಜನ ಕೂಗುತ್ತಾರೆ. ನಾನು ನಮ್ಮ ಗೋಲಿನ ಹಿಂದೆ, ಬಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಮೊಣಕಾಲು ಕಟ್ಟಿಕೊಂಡು ಕೂರುತ್ತೇನೆ. ನಿವೃತ್ತ ಬಸ್ ಕಂಡಕ್ಟರ್ ಕದರಪ್ಪಣ್ಣನದು ಪ್ರತಿ ಪಂದ್ಯಕ್ಕೂ ಒಂದೇ ಮಾತು: “ಹೇಮಮ್ಮ ಬಂದವ್ಳಾ, ಇಲ್ಲ ಯಾರಾದ್ರೂ ಕಡ್ಲೆಕಾಯಿ ಮೂಟೆ ಇಳ್ಸಿ ಹೋದ್ರಾ? ನೋಡ್ರೋ ಒಂದ್ಸಲ.”

ಗೋಲಿನ ಹಿಂದೆ ಕೂರುವುದಕ್ಕೆ ಕಾರಣ ಗಂಗೋತ್ರಿ. ನಮ್ಮ ಕೀಪರ್. ಇಪ್ಪತ್ತು ವರ್ಷದ ಹುಡುಗಿ, ಅವಳೂ ಕೂಗುವುದಿಲ್ಲ. ಬೇರೆ ಕೀಪರುಗಳು ತಮ್ಮ ಹುಡುಗಿಯರನ್ನು ಹೆಸರು ಹಿಡಿದು ಬೈಯುತ್ತಾರೆ, ಇವಳು ಕೈ ಎತ್ತಿ ತೋರಿಸುತ್ತಾಳೆ, ಅಷ್ಟೆ. ಚೆಂಡು ಆ ತುದಿಗೆ ಹೋದಾಗ ಒಮ್ಮೆ ಹಿಂತಿರುಗಿ ನನ್ನ ಕಡೆ ನೋಡುತ್ತಾಳೆ. ನಾನೂ ನೋಡುತ್ತೇನೆ. ಆ ನೋಟದಲ್ಲಿ ಏನಿದೆ ಎಂದು ನನಗೆ ಗೊತ್ತು ಅಂದುಕೊಂಡಿದ್ದೆ. ಜನರ ಮಾತಿಗಿಂತ ಅವರು ಆಡದೆ ಬಿಟ್ಟದ್ದೇ ನನಗೆ ಚೆನ್ನಾಗಿ ಕೇಳಿಸುತ್ತದೆ ಎಂಬ ಜಂಬ ನನಗೆ ಕಾಲೇಜಿನಿಂದಲೂ ಇತ್ತು.

ನನ್ನ ಊರು ರಾಯದುರ್ಗ. ಆಂಧ್ರದ ಗಡಿಯ ಈ ಸೀಮೆಗೆ ಬಂದು, ಅಗಳಿ ಕಡೆಯ ಒಂದು ಗ್ರಾಮ ಸಚಿವಾಲಯದಲ್ಲಿ, ಎಂದರೆ ಪಂಚಾಯ್ತಿ ಕಚೇರಿಯಲ್ಲಿ, ಕಂಪ್ಯೂಟರಿನ ಮುಂದೆ ಕೂರುವ ಕೆಲಸ ಸಿಕ್ಕಿ ಮೂರು ವರ್ಷ. “ಯಾಕ”, “ಹೌದ್ರಿ” ಎಂದರೆ ತಂಡದ ಹುಡುಗಿಯರು ಈಗಲೂ ಕಿಸಕ್ಕೆಂದು ನಗುತ್ತಾರೆ. ಡಿಗ್ರಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿದವಳು ಎಂದು ಕ್ಲಬ್ಬಿನ ಕಾಗದಪತ್ರವೆಲ್ಲ ನನ್ನ ತಲೆಗೆ ಕಟ್ಟಿದ್ದರು. ಆಟಗಾರ್ತಿಯರ ಆಧಾರ್ ನಕಲು, ಲೀಗ್ ಕಮಿಟಿಗೆ ಅರ್ಜಿ, ಯಾವ ಭಾನುವಾರ ನಮಗೆ ಆಗುತ್ತದೆ, ಯಾವುದು ಆಗುವುದಿಲ್ಲ ಎಂಬ ಪಟ್ಟಿ.

ಆ ವರ್ಷ ಆರು ಊರಿನ ಲೀಗು. ಒಂಬತ್ತು ಪಂದ್ಯ ಮುಗಿದಾಗ ನಮಗೆ ಇಪ್ಪತ್ತು ಪಾಯಿಂಟು, ರಾಯದುರ್ಗಕ್ಕೆ ಹದಿನೆಂಟು. ಕೊನೆಯ ಪಂದ್ಯ ರಾಯದುರ್ಗದಲ್ಲೇ, ಅವರ ಮೇಲೆಯೇ. ಸೋಲದಿದ್ದರೆ ಸಾಕು, ಕಪ್ಪು ನಮ್ಮದು. ಕ್ಲಬ್ಬು ಹುಟ್ಟಿ ಐದು ವರ್ಷದಲ್ಲಿ ಇಷ್ಟು ಹತ್ತಿರ ಬಂದಿರಲಿಲ್ಲ.

ಕಮಿಟಿ ಮೊದಲು ಡಿಸೆಂಬರ್ ಒಂದನ್ನು ಕೊಟ್ಟಿತ್ತು. ನಾನು ಒಪ್ಪಲಿಲ್ಲ. ಗಂಗೋತ್ರಿಯ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ನವೆಂಬರ್ ಆರಕ್ಕೆ ಹುಳ ಮನೆಗೆ ಬಂದಿದ್ದವು. ಕಚೇರಿಯ ಗೋಡೆಯ ಮೇಲಿನ ರೇಷ್ಮೆ ಇಲಾಖೆಯ ಪೋಸ್ಟರಿನಲ್ಲಿ ಹುಳದ ಆಯಸ್ಸು ಇಪ್ಪತ್ತೈದು ದಿನ ಎಂದಿತ್ತು. ಆರಕ್ಕೆ ಇಪ್ಪತ್ತೈದು ಕೂಡಿಸಿದೆ: ಡಿಸೆಂಬರ್ ಒಂದು. ಅಂದು ಹುಳ ಹಣ್ಣಾಗುತ್ತವೆ. ಹಣ್ಣಾದ ದಿನ ಮನೆಯ ಒಂದು ಕೈಯೂ ಹೊರಗೆ ಹೋಗುವಂತಿಲ್ಲ. ಮೇವು ಬಿಟ್ಟ ಹುಳಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ಕಂಡಲ್ಲೇ ನೂಲು ಉಗುಳಿ ಹಾಳಾಗುತ್ತವೆ. ಹಾಗಾಗಿ ಕಮಿಟಿಯವರ ಜೊತೆ ಫೋನಿನಲ್ಲಿ ಮೂರು ದಿನ ಜಗಳವಾಡಿ ಪಂದ್ಯವನ್ನು ಒಂದು ವಾರ ಹಿಂದಕ್ಕೆ, ನವೆಂಬರ್ ಇಪ್ಪತ್ನಾಲ್ಕಕ್ಕೆ ತಂದೆ. ಪ್ರಾಕ್ಟೀಸಿನ ಹೊತ್ತಿನಲ್ಲಿ ಎಲ್ಲರೆದುರು ಹೇಳಿದಾಗ ಹುಡುಗಿಯರು ಚಪ್ಪಾಳೆ ತಟ್ಟಿದರು. ಗಂಗೋತ್ರಿ ಗ್ಲೌಸಿನ ಪಟ್ಟಿ ಬಿಗಿಮಾಡಿಕೊಳ್ಳುತ್ತ ನನ್ನನ್ನು ನೋಡಿದಳು. ಕೃತಜ್ಞತೆ ಎಂದುಕೊಂಡೆ.

ಪಂದ್ಯಕ್ಕೆ ಮೂರು ದಿನ ಇರುವಾಗ, ಗುರುವಾರ ಸಂಜೆ, ಹೊಸ ಜೆರ್ಸಿ ಕೊಡಲು ಅವರ ಮನೆಗೆ ಹೋದೆ. ಅಗಳಿ ದಾಟಿ ಎರಡು ಮೈಲಿ. ಹುಳದ ಮನೆ ಬೇರೆಯೇ ಇದೆ, ಹೊಲದಂಚಿಗೆ. ಹೊರಗೆ ನಿಂತಾಗಲೇ ಸದ್ದು ಕೇಳಿಸಿತು; ಒಣಗಿದ ಎಲೆಯ ರಾಶಿ ಮೇಲೆ ಸೋನೆ ಹಿಡಿದಂತೆ, ಎಡೆಬಿಡದೆ. ಸಾವಿರಾರು ಹುಳ ಸೊಪ್ಪು ತಿನ್ನುವ ಸದ್ದು.

“ಏನ್ರಿ ಅಮ್ಮ, ಈ ಪರಿ ತಿಂತಾವ?” ಎಂದೆ.

ಗಂಗೋತ್ರಿಯ ತಾಯಿ ಉಜ್ಜಿನಮ್ಮ ಸೊಪ್ಪಿನ ಹೊರೆ ಇಳಿಸಿ, “ತಿನ್ನದೆ ಇನ್ನೇನು? ಇವತ್ತು ನಾಳೆ ನಾಡಿದ್ದು. ಭಾನುವಾರ ಹಣ್ಣು” ಎಂದರು.

“ಭಾನುವಾರನಾ? ಒಂದನೇ ತಾರೀಕು ಅಲ್ಲೇನ್ರಿ?”

“ಯಾರು ಹೇಳಿದ್ದು?”

ಪೋಸ್ಟರು ಹೇಳಿದ್ದು. ಪೋಸ್ಟರಿನ ಲೆಕ್ಕ ಮೊಟ್ಟೆ ಒಡೆದ ದಿನದಿಂದ. ಇಲ್ಲಿಯವರು ಮೊಟ್ಟೆ ತರುವುದಿಲ್ಲ. ಮರಿಹುಳವನ್ನು ಮೊದಲ ಏಳೆಂಟು ದಿನ ಚಾಕಿ ಕೇಂದ್ರದವರು ಸಾಕಿ, ಎರಡು ಜ್ವರ ದಾಟಿಸಿ ಕೊಡುತ್ತಾರೆ. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು ಮಲಗುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಮನೆಗೆ ಬಂದ ಮೇಲೆ ಉಳಿಯುವುದು ಹದಿನೆಂಟೇ ದಿನ. ಇದು ಇಲ್ಲಿ ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ಮೂರು ವರ್ಷದಿಂದ ಇವರ ಅರ್ಜಿ ತುಂಬುತ್ತಿದ್ದ ನನಗೆ ಗೊತ್ತಿರಲಿಲ್ಲ. ಜಗಳವಾಡಿ ಆಗುವ ದಿನ ಬಿಡಿಸಿ, ಆಗದ ದಿನವನ್ನು ತಂದಿದ್ದೆ.

ಗಂಗೋತ್ರಿ ಜೆರ್ಸಿಯನ್ನು ಮಡಿಕೆ ಬಿಚ್ಚದೆ ಹಿಡಿದುಕೊಂಡಿದ್ದಳು.

“ನಿನಗೆ ಯಾವಾಗ ಗೊತ್ತಾತು?”

“ನೀವು ಡೇಟು ಹೇಳ್ದಾಗ್ಲೇ, ಹೇಮಕ್ಕ.”

“ಮತ್ತ ಯಾಕ ಹೇಳ್ಲಿಲ್ಲ?”

“ನೀವು ಅಷ್ಟು ಖುಷಿಯಾಗಿದ್ರಿ. ನನಗೋಸ್ಕರ ಜಗಳ ಆಡಿದ್ರಿ.” ತಡೆದು, “ನೋಡ್ದೆ ನಿಮ್ಮನ್ನ. ನಿಮಗೆ ಅರ್ಥ ಆಗ್ತೈತೆ ಅಂದ್ಕಂಡೆ” ಎಂದಳು.

ಕಮಿಟಿಗೆ ಅಲ್ಲಿಂದಲೇ ಫೋನು ಮಾಡಿದೆ. “ಮೈದಾನ ನೀವು ಕೇಳಿದ ದಿನಕ್ಕೇ ಬುಕ್ ಮಾಡೀವ್ರಿ ಮೇಡಂ. ಇನ್ನ ಆಗಂಗಿಲ್ರಿ” ಎಂದರು. ಬದಲಿ ಕೀಪರ್ ದಸರಾ ಹೊತ್ತಿಗೇ ಕೈ ಮುರಿದುಕೊಂಡಿದ್ದಳು. ಕೂಲಿಗೆ ಜನ ಕೇಳೋಣವೆಂದರೆ ಇಡೀ ಊರಿಗೆ ಒಂದೇ ಚಾಕಿ ಕೇಂದ್ರದಿಂದ ಒಂದೇ ದಿನ ಹುಳ ಬಂದಿದ್ದವು. ಭಾನುವಾರ ಎಲ್ಲರ ಮನೆಯಲ್ಲೂ ಹಣ್ಣು.

“ಅವ್ಳು ಹೋಗಕ್ಕಾಗಲ್ಲ ಕಣಮ್ಮ,” ಉಜ್ಜಿನಮ್ಮ ಸಿಟ್ಟಿಲ್ಲದೆ ಹೇಳಿದರು. “ನಾನು, ಅವ್ರಪ್ಪ ಇಬ್ರಿಂದ ಆಗೋದಲ್ಲ ಇದು.”

“ಹನ್ನೆರಡು ಜನ ಬಂದ್ರ?” ಎಂದೆ.

“ಯಾರು?”

“ನಾವು. ಪಂದ್ಯಕ್ಕ ಹೋಗೋರು. ಯಾರೂ ಹೋಗಂಗಿಲ್ಲ. ಇಲ್ಲಿಗೇ ಬರ್ತೀವಿ.”

ಉಜ್ಜಿನಮ್ಮ ನಕ್ಕರು. “ಪೇಟೆಯೋರು ಹುಳ ಮುಟ್ಟೀರಾ? ಹೊರಗಿನೋರ್ನ ಹುಳದ ಮನೆ ಒಳಕ್ಕೆ ಬಿಡಲ್ಲ ನಾವು. ನಮ್ಮಕ್ಕನ್ನೇ ಬಿಡಲ್ಲ, ಅವ್ಳು ಹೂವ ಮುಡ್ಕಂಡು ಬತ್ತಾಳೆ.” ಆಮೇಲೆ ಮಗಳ ಕೈಯಲ್ಲಿದ್ದ ಜೆರ್ಸಿಯನ್ನು ಸ್ವಲ್ಪ ಹೊತ್ತು ನೋಡಿದರು. ನನ್ನ ಕೈ ಎಳೆದುಕೊಂಡು ಮೂಸಿದರು. “ಪೌಡ್ರು ವಾಸ್ನೆ. ತೊಳ್ಕಂಡು ಬಾ.”

ತೊಳೆದುಕೊಂಡು, ಬಾಗಿಲಲ್ಲಿ ಹರಡಿದ್ದ ಸುಣ್ಣದ ಪುಡಿ ತುಳಿದು ಒಳಗೆ ಹೋದೆ. ಅಂಗೈಗೆ ಒಂದು ಹುಳ ಹಾಕಿದರು. ತಣ್ಣಗಿತ್ತು.

“ಚಿವುಟ್ಬೇಡ, ಎತ್ಕ. ಮಗೀನ ಮೂಗು ಒರ್ಸಿದಂಗೆ.”

ನಾಲ್ಕನೆಯ ಹುಳಕ್ಕೆ ಸರಿಯೆಂದು ತಲೆಯಾಡಿಸಿದರು. “ಎಣ್ಣೆ, ಸೆಂಟು, ಹೂವ, ಬೀಡಿ, ಹೊಗೆಸೊಪ್ಪು ಯಾವ್ದೂ ಇರಬಾರ್ದು. ತಲೆ ಮೇಲಿಂದ ಸ್ನಾನ ಮಾಡ್ಕಂಡು ಬರ್ರಿ. ಒಬ್ರು ತಪ್ಪಿದ್ರೂ ಎಲ್ರುನೂ ಆಚೆ ಹಾಕ್ತೀನಿ.”

ಶುಕ್ರವಾರ ಮಡಕಶಿರದ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಎಲ್ಲರನ್ನೂ ಸೇರಿಸಿ, ತಪ್ಪು ನನ್ನದೇ ಎಂದು ಮೊದಲು ಹೇಳಿ, ಆಮೇಲೆ ವಿಷಯ ಹೇಳಿದೆ. ದರ್ಜಿ ರಾಮಾಂಜಿ, ಅಂಗನವಾಡಿ ಟೀಚರು, ಕಾಲೇಜು ಹುಡುಗಿಯರು, ಎಲ್ಲರೂ ಟೀ ಲೋಟ ಕೆಳಗಿಟ್ಟರು. ಕಪ್ಪು ಗೆಲ್ಲುವ ದಿನ ಮೈದಾನದಲ್ಲಿ ಇರಬೇಡಿ ಎಂದು ಕೇಳುವುದು ಸಣ್ಣ ಮಾತಲ್ಲ.

ಕದರಪ್ಪಣ್ಣ ಗಲ್ಲದಲ್ಲಿದ್ದ ಹೊಗೆಸೊಪ್ಪನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದ. “ಇಷ್ಟು ದಿನ ಮೂಟೆ ಥರ ಕೂತಿದ್ದು, ಬಾಯಿ ಬಿಟ್ಟಿದ್ದು ಇದುಕ್ಕಾ ಹೇಮಮ್ಮ?”

“ಹೌದ್ರಿ. ನೀವು ಮಾತ್ರ ಬರಂಗಿಲ್ಲ.”

“ಯಾಕ್ರಿ?” ನನ್ನ ಮಾತನ್ನೇ ಅಣಕಿಸಿದ.

“ಬಾಯಾಗ ಐತಲ್ಲ, ಅದಕ್ಕ. ಅದರ ಗಾಳಿ ತಾಗಿದ್ರ ಹುಳ ಸಾಯ್ತಾವಂತ.”

ಟೀ ಅಂಗಡಿ ಪೂರ್ತಿ ನಕ್ಕಿತು. ನಲವತ್ತು ವರ್ಷದ ಚಟ, ಎರಡು ದಿನದಲ್ಲಿ ಬಿಡುತ್ತೇನೆಂದು ಅವನೂ ಹೇಳಲಿಲ್ಲ. ಹಾಗಾಗಿ ರಾಯದುರ್ಗಕ್ಕೆ ತಂಡದ ಜೊತೆ ಕದರಪ್ಪಣ್ಣ ಒಬ್ಬನೇ ಹೋಗುವುದು, ಹನ್ನೆರಡು ಜನದ ಕೂಗು ಅವನೊಬ್ಬನೇ ಕೂಗುವುದು, ಫೋನಿನಲ್ಲಿ ನಮಗೆ ಹೇಳುವುದು ಎಂದಾಯಿತು. ಉಳಿದವರಲ್ಲಿ ಮೊದಲು ಕೈ ಎತ್ತಿದ್ದು ದರ್ಜಿ. “ನೂಲು ನನ್ನ ಕಸುಬು. ನೂಲಿನ ತಾಯಿನ ಒಂದ್ಸಲ ನೋಡೋಣ” ಎಂದ.

ಭಾನುವಾರ ಬೆಳಿಗ್ಗೆ ಆರೂವರೆಗೆ ನಾವು ಹನ್ನೊಂದು ಜನ, ಒದ್ದೆ ತಲೆಯವರು, ಆಟೋಗಳಿಂದ ಇಳಿದೆವು. ಗಂಗೋತ್ರಿ ಅವುಗಳಲ್ಲೊಂದನ್ನು ಹತ್ತಿದಳು. ಅವಳು ನನ್ನ ಕಡೆ ನೋಡಿದಳು. ಈ ಸಲ ಊಹಿಸಲು ಹೋಗಲಿಲ್ಲ. “ಏನು?” ಎಂದು ಕೇಳಿದೆ.

“ಅಮ್ಮ ಒಂಬತ್ತು ಗಂಟೆವರ್ಗೂ ಏನೂ ತಿನ್ನಲ್ಲ. ನೀವೇ ಬಲವಂತ ಮಾಡಿ ತಿನ್ನಿಸ್ರಿ” ಎಂದಳು. ಅಷ್ಟೇ ಇತ್ತು ಆ ನೋಟದಲ್ಲಿ.

ಹುಳದ ಮನೆಯೊಳಗೆ ಕಾಲಿಟ್ಟಾಗ ನನಗೆ ಮೊದಲು ತಟ್ಟಿದ್ದು ಸದ್ದಿಲ್ಲದಿರುವುದು. ಗುರುವಾರದ ಆ ಸೋನೆ ನಿಂತುಹೋಗಿತ್ತು. ಮೂರು ಅಂತಸ್ತಿನ ಅಟ್ಟಣೆಯ ತುಂಬ ಹುಳಗಳು ಮೇವು ಬಿಟ್ಟು, ಬೆಳಕು ಹಾಯುವಷ್ಟು ತಿಳಿಯಾಗಿ, ತಲೆಯೆತ್ತಿ ಏನನ್ನೋ ಹುಡುಕುತ್ತಿದ್ದವು. ಅಂಥ ನಿಶ್ಶಬ್ದವನ್ನು ನಾನು ಎಲ್ಲೂ ಕಂಡಿರಲಿಲ್ಲ. ಬೇರೆ ದಿನವಾಗಿದ್ದರೆ ಅಲ್ಲೇ ನಿಂತು ಅದನ್ನೇ ನೆನೆಯುತ್ತಿದ್ದೆನೇನೋ. “ಏನ್ ನಿಂತ್ಕಂಡೆ? ಬಾಗು” ಎಂದರು ಉಜ್ಜಿನಮ್ಮ. ಬಾಗಿದೆ.

ಮಧ್ಯಾಹ್ನದ ಹೊತ್ತಿಗೆ ಸೊಂಟ ನಮ್ಮದಾಗಿರಲಿಲ್ಲ. ಗಂಗೋತ್ರಿಯ ಅಪ್ಪ ದೊಡ್ಡರಂಗಪ್ಪ ಖಾಲಿ ಚಂದ್ರಿಕೆ ತಂದಿಡುತ್ತಿದ್ದರು, ತುಂಬಿದ್ದನ್ನು ಒಯ್ಯುತ್ತಿದ್ದರು. ದರ್ಜಿಯ ಬೆರಳು ಎಲ್ಲರಿಗಿಂತ ಚುರುಕು. ಅಂಗನವಾಡಿ ಟೀಚರು ಪ್ರತಿ ಹುಳಕ್ಕೂ “ಬಾರಪ್ಪ” ಎನ್ನುತ್ತಿದ್ದರು. ಮೂರು ಗಂಟೆಗೆ ಪಂದ್ಯ ಶುರುವಾದಾಗ ಫೋನನ್ನು ಸ್ಪೀಕರಿಗೆ ಹಾಕಿ ಕಿಟಕಿಯ ಜಾಲರಿಯ ಹೊರಗಿಟ್ಟೆ.

“ಬಾಲು ನಮ್ಮೋರತ್ರ... ಹೋಯ್ತು... ಬಂತು... ಥೂ... ರೈಟ್ ರೈಟ್ ರೈಟ್... ಹೋಲ್ಡಾನ್!”

“ಕದರಪ್ಪಣ್ಣ, ಸ್ಕೋರ್ ಹೇಳ್ರಿ!”

“ಸ್ಕೋರ್ ಕೇಳ್ಬೇಡ್ರಮ್ಮ, ಮೊದ್ಲು ಉಸಿರಾಡಾಕೆ ಬಿಡ್ರಿ!”

ಅರ್ಧ ಆಟದ ಹೊತ್ತಿಗೆ ತಿಳಿಯಿತು: ಅವರದು ಒಂದು, ನಮ್ಮದು ಸೊನ್ನೆ. ಯಾರ ಕೈಯೂ ನಿಲ್ಲಲಿಲ್ಲ. ಎರಡನೇ ಅರ್ಧದಲ್ಲಿ ನಮ್ಮವರು ಒಂದು ಹೊಡೆದರು. ಒಳಗೆ ಕಿರುಚಿದ ಕಾಲೇಜು ಹುಡುಗಿಗೆ ಉಜ್ಜಿನಮ್ಮ ಕಣ್ಣು ಬಿಟ್ಟರು. ಇನ್ನು ಹೀಗೇ ಉಳಿದರೆ ಸಾಕು. ಕೊನೆಯ ಹುಳಗಳು ಕೆಳ ಅಂತಸ್ತಿನಲ್ಲಿ ಉಳಿದಿದ್ದವು.

“ಪೆನಾಲ್ಟಿ,” ಕದರಪ್ಪಣ್ಣನ ದನಿ ಒಡೆದಿತ್ತು. “ಅವ್ರಿಗೆ. ಇನ್ನು ಎರಡೇ ನಿಮಿಷ ಐತೆ.” ಆಮೇಲೆ ಅವನೂ ಸುಮ್ಮನಾದ.

ಉಜ್ಜಿನಮ್ಮ ಅಂಗೈಯಲ್ಲಿ ಒಂದು ಹುಳ ಹಿಡಿದು ಹಾಗೇ ನಿಂತರು. ಫೋನಿನಲ್ಲಿ ಗಾಳಿಯ ಸದ್ದು. ದೂರದಲ್ಲೊಂದು ಸೀಟಿ. ಒಂದು ಪೆಟ್ಟು. ಅವನ ಹತ್ತಿರದಲ್ಲೇ ಯಾರೋ ಹೆಂಗಸಿನ ದನಿ, ನನ್ನ ಓಣಿಯ ದನಿ: “ಅಯ್ಯ ನಿನ್ನ! ಸೀದಾ ಆಕೀ ಕೈಯಾಗ ಕೊಟ್ಟೆಲ್ಲಬೇ! ಯಾಕ ಅಷ್ಟು ಅವಸರ ಮಾಡ್ದಿ?”

“ಹಿಡಿದ್ಳು,” ಎಂದೆ.

“ಅವ್ನು ಹೇಳೇ ಇಲ್ಲ?” ಉಜ್ಜಿನಮ್ಮ ಫೋನಿನ ಕಡೆ ಬಾಗಿದರು.

“ನಮ್ಮೂರೋರು ಹೇಳಿದ್ರು.”

ಆಗ ಕದರಪ್ಪಣ್ಣ ಎಚ್ಚರಗೊಂಡ. ಖುಷಿ ಹೆಚ್ಚಾದರೆ ಅವನಿಗೆ ತೆಲುಗೇ ಬರುವುದು. “ಪಟ್ಟುಕುಂದಿ ರಾ! ಪಟ್ಟುಕುಂದಿ!” ಹಿಡಿದುಬಿಟ್ಟಳಂತೆ. ಉಜ್ಜಿನಮ್ಮ ಅಂಗೈ ನೋಡಿಕೊಂಡರು. ಹುಳ ಕಾಯದೆ ಬೆರಳ ಸಂದಿಯಲ್ಲಿ ಒಂದು ಎಳೆ ಹಾಕಿತ್ತು. ಅವರು ಅದನ್ನು ಕಡಿಯದೆ, ಎಳೆಯ ಸಮೇತ ಚಂದ್ರಿಕೆಗೆ ಇಳಿಸಿದರು.

ಐದಾರು ದಿನದ ಮೇಲೆ ಗೂಡು ಬಿಡಿಸಲು ಯಾರೂ ಕರೆಯದೆ ನಾವು ಮತ್ತೆ ಹೋದೆವು. ಕಪ್ಪು ಆಗಲೇ ಅವರ ಕಿಟಕಿಯಲ್ಲಿತ್ತು.

ಈ ವರ್ಷದ ಲೀಗಿಗೆ ನಾನು ಪೋಸ್ಟರು ನೋಡಲಿಲ್ಲ. ರೇಷ್ಮೆ ಸಾಕುವ ಐದು ಆಟಗಾರ್ತಿಯರ ಮನೆಗೂ ನಡೆದು ಹೋಗಿ, “ಹುಳ ಯಾವತ್ತು ಹಣ್ಣಾಗ್ತಾವ್ರಿ?” ಎಂದು ಕೇಳಿ, ಅವರು ಹೇಳಿದ್ದನ್ನೇ ಬರೆದುಕೊಂಡೆ. ತಪ್ಪಿಸಲಾಗದ ದಿನ ಎರಡು ಉಳಿದವು. ಆ ಎರಡು ಭಾನುವಾರಕ್ಕೆ ಯಾರು ಮೈದಾನಕ್ಕೆ, ಯಾರು ಹುಳಕ್ಕೆ ಎಂದು ಟೀ ಅಂಗಡಿಯಲ್ಲಿ ಜಗಳವೇ ಆಯಿತು. ಹುಳಕ್ಕೇ ಹೆಚ್ಚು ಜನ. ನಾವೀಗ ಮೂವತ್ತು ಜನ ಇದ್ದೇವೆ. ಕದರಪ್ಪಣ್ಣ ಹೊಗೆಸೊಪ್ಪು ಬಿಡುತ್ತೇನೆ ಎನ್ನುತ್ತಿದ್ದಾನೆ. ಗಲ್ಲ ಮಾತ್ರ ಇನ್ನೂ ಉಬ್ಬಿಯೇ ಇರುತ್ತದೆ.

ಮೊದಲ ಪಂದ್ಯ ಮಡಕಶಿರದಲ್ಲೇ ಇತ್ತು. ಉಜ್ಜಿನಮ್ಮ ಬಂದರು. ಮಗಳು ಆಡುವುದನ್ನು ಒಮ್ಮೆಯೂ ನೋಡಿರಲಿಲ್ಲ. ಗೋಲಿನ ಹಿಂದೆ, ನನ್ನ ಪಕ್ಕದಲ್ಲಿ ಕಾಲು ಮಡಚಿ ಕೂತರು. ಅರ್ಧ ಗಂಟೆ ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ ಇದ್ದರು.

“ಏನಾತ್ರಿ ಅಮ್ಮ?” ಕೇಳಿದೆ.

“ಕೂಗ್ಬೇಕು ಅನ್ನಿಸ್ತೈತೆ ಕಣಮ್ಮ,” ಎಂದರು. “ನಾಚ್ಕೆ. ನೀನು ಮೊದ್ಲು ಕೂಗು.”

ಚೆಂಡು ಆ ತುದಿಯಲ್ಲಿತ್ತು. ಗಂಗೋತ್ರಿ ಹಿಂತಿರುಗಿ ನಮ್ಮಿಬ್ಬರನ್ನೂ ನೋಡಿದಳು. ನಾನು ಎದ್ದು ನಿಂತು ಅವಳ ಹೆಸರು ಕೂಗಿದೆ. ದನಿ ಕೆಟ್ಟದಾಗಿ ಬಂತು. ಕದರಪ್ಪಣ್ಣ ಆ ಕಡೆಯಿಂದ, “ಮೂಟೆ ಬಾಯಿ ಬಿಡ್ತು ಕಣ್ರೋ!” ಎಂದ. ಅಷ್ಟರಲ್ಲಿ ಉಜ್ಜಿನಮ್ಮ ನನಗಿಂತ ಜೋರಾಗಿ ಶುರುಮಾಡಿದ್ದರು.