ಶಾಹಿನನ ಹೆಸರಿನ ಪಂಪು

ಹತ್ತನೇ ತರಗತಿಯ ಮಕ್ಕಳು ರಜೆಯಲ್ಲಿ ಒಂದೊಂದು ಕೆಲಸವನ್ನು ಹತ್ತಿರದಿಂದ ನೋಡಿ ಬರಬೇಕೆಂದು ಶಾಲೆಯಲ್ಲಿ ಹೇಳಿದಾಗ, ಜೆಸ್ಮಿನ್ ಆರೋಗ್ಯ ಕಾರ್ಯಕರ್ತೆ ಫರಿದಾ ಆಪಾಳ ಜೊತೆ ಹೊರಟಳು. ಆಪಾ ಮನೆಮನೆಯ ಕೈಪಂಪಿನ ನೀರು ಪರೀಕ್ಷಿಸುವವಳು. ನೀರು ಒಳ್ಳೆಯದಾದರೆ ಪಂಪಿನ ಮೂತಿಗೆ ಹಸಿರು ಬಣ್ಣ, ವಿಷವಿದ್ದರೆ ಕೆಂಪು. ಬಳಿಯುವ ಕೆಲಸ ಜೆಸ್ಮಿನ್‌ಳದು. ಬೆಳಗಿನಿಂದ ಅವಳಿಗೆ ಹಬ್ಬದಂತಿತ್ತು.

ಮಧ್ಯಾಹ್ನ ಅವಳದೇ ಓಣಿಗೆ ಬಂದರು. ಅಲ್ಲಿ ಎಲ್ಲರೂ ಕುಡಿಯುವುದು ಮನೋವಾರಾ ಚಾಚಿಯ ಅಂಗಳದ ಪಂಪಿನ ನೀರು. ಮಗ ಶಾಹಿನ್ ನೆರೆಯಲ್ಲಿ ಕೊಚ್ಚಿಹೋದ ವರ್ಷ ಚಾಚಿ ಹಸು ಮಾರಿ ಅವನ ಹೆಸರಿನಲ್ಲಿ ಹಾಕಿಸಿದ್ದು. ಜನ ಕುಡಿದ ಗುಟುಕು ಗುಟುಕಿನ ಪುಣ್ಯವೂ ಅವನಿಗೆ ಸೇರುತ್ತದೆಂದು ನಂಬಿ ಬದುಕಿದ್ದಳು.

"ಡಾಕ್ಟರ್ ಆಗ್ತೀನಿ ಅಂತಿದ್ದೆ, ಪೇಂಟರ್ ಆಗ್ಬಿಟ್ಯಲ್ಲೇ," ಎಂದು ನಗುತ್ತಾ ಚಾಚಿ ಇಬ್ಬರಿಗೂ ಮಂಡಕ್ಕಿ, ಬೆಲ್ಲ ಕೊಟ್ಟಳು.

ಆಪಾ ಪಂಪಿನ ನೀರನ್ನು ಸೀಸೆಗೆ ಹಿಡಿದು ಪರೀಕ್ಷೆಯ ಪುಡಿ ಹಾಕಿದಳು. ಸೀಸೆಯ ಬಾಯಿಗೆ ಸಿಕ್ಕಿಸಿದ್ದ ಬಿಳಿ ಕಾಗದದ ಪಟ್ಟಿ ಕಂದು ಬಣ್ಣಕ್ಕೆ ತಿರುಗಿತು. ಆಪಾ ಬೇರೆ ನೀರು ಹಿಡಿದು ನೋಡಿದಳು. ಅದೂ ಕಂದೇ.

"ನೀರಲ್ಲಿ ಆರ್ಸೆನಿಕ್ ಇದೆ ಚಾಚಿ. ನೆಲದೊಳಗಿನ ವಿಷ, ಕುದಿಸಿದ್ರೂ ಹೋಗಲ್ಲ. ಬಟ್ಟೆ ಒಗೀರಿ. ಕುಡಿಯೋಕೆ, ಅಡುಗೆಗೆ ಬೇಡ. ಮಸೀದಿ ಹತ್ರದ ಪಂಪಿಗೆ ಬೆಳಿಗ್ಗೆ ಹಸಿರು ಬಳಿದಿದೀವಿ, ಅಲ್ಲಿಂದ ತನ್ನಿ."

"ಇಷ್ಟು ಸಿಹಿಯಾಗಿದೆಯಲ್ಲಮ್ಮ."

"ರುಚೀಲಿ ಗೊತ್ತಾಗಲ್ಲ ಚಾಚಿ."

ಚಾಚಿ ಪಂಪಿನ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಆಪಾಳನ್ನಲ್ಲ, ಜೆಸ್ಮಿನ್‌ಳನ್ನು ಕೇಳಿದಳು: "ಹಂಗಾದ್ರೆ ಇಷ್ಟು ವರ್ಷ ನನ್ನ ಮಗುಗೆ ಸೇರಿದ್ದು ಪಾಪಾನೇನೇ?"

ಜೆಸ್ಮಿನ್‌ಗೆ ಕುಂಚ ಬಿಸುಟು ಮನೆಗೆ ಓಡಿಬಿಡೋಣ ಅನ್ನಿಸಿತು.

"ನಂಗೊತ್ತಿಲ್ಲ ಚಾಚಿ," ಎಂದಳು ಜೆಸ್ಮಿನ್. "ನೀವು ಕೊಟ್ಟಿದ್ದು ನೀರು ಅಂತಾನೇ ಅಲ್ವಾ. ಇವತ್ತು ಗೊತ್ತಾಯ್ತು. ಇನ್ನು ಕುಡಿಬೇಡಿ ಅಂತ ನೀವೇ ಹೇಳಿದ್ರೆ, ಅದೂ ಅವನ ಹೆಸರಲ್ಲೇ ಹೇಳ್ದಂಗೆ."

ಚಾಚಿ ಕಟ್ಟೆಯಿಂದ ಏಳಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಸೊಸೆ ತಸ್ಲಿಮಾ, ಸೊಂಟದಲ್ಲಿ ಕೂಸು, ಕೈಯಲ್ಲಿ ಕೊಡ, ಅಂಗಳಕ್ಕೆ ಬಂದಳು. ಪಂಪಿನ ಹಿಡಿಗೆ ಕೈಹಾಕಿದ ತಸ್ಲಿಮಾಳ ಮುಂಗೈ ಹಿಡಿದು ಚಾಚಿ ಎದ್ದು ನಿಂತಳು.

"ಬೇಡ ಕಣವ್ವ. ಮಸೀದಿ ಹತ್ರದ್ದಕ್ಕೆ ಹೋಗು."

"ಯಾಕೆ ಚಾಚಿ, ಕೆಟ್ಟೋಯ್ತಾ?"

"ಹ್ಞೂಂ, ನೀರು ಕೆಟ್ಟಿದೆ, ಕುಡೀಬಾರ್ದು." ಕೂಸಿನ ತಲೆ ಸವರಿದಳು. "ಎಲ್ಲರಿಗೂ ಹೇಳು. ಶಾಹಿನನ ಅಮ್ಮ ಹೇಳಿದ್ಲು ಅನ್ನು."

ಜೆಸ್ಮಿನ್ ಕೆಂಪು ಡಬ್ಬಿಯ ಮುಚ್ಚಳ ತೆಗೆದಳು. ಬಣ್ಣ ಕಟ್ಟೆಯ ಮೇಲೂ ಸೋರಿತು. ಅವಳು ದುಪಟ್ಟಾದ ಅಂಚಿನಿಂದ ಒರೆಸಿ ಮತ್ತೆ ಬಳಿದಳು. ಆಪಾ ಅವಳ ಕೈಯಿಂದ ಕುಂಚ ತೆಗೆದುಕೊಳ್ಳಲಿಲ್ಲ.