ಮಡಿ ರಬ್ಬರು

ನಮ್ಮ ಅತ್ತಿಗೆ ತ್ರಿಪುರಸುಂದರಿಯವರ ಭೂಗೋಳ ಮೊಸರನ್ನ ಹಳಸುವ ಜಾಗಕ್ಕೆ ಮುಗಿಯುತ್ತದೆ. ಮಲ್ಲೇಶ್ವರದ ಮನೆಯಿಂದ ಹೊರಟ ಡಬ್ಬಿ ಎಲ್ಲಿಯವರೆಗೆ ಹುಳಿಯಾಗದೆ ಉಳಿಯುತ್ತದೋ ಅಲ್ಲಿಯವರೆಗೆ ಅವರಿಗೆ ದೇಶ. ಅದರಾಚೆ ಇರುವುದೆಲ್ಲ ಕ್ಯಾಲೆಂಡರಿನ ಚಿತ್ರ. ಮೇಲುಕೋಟೆ ನೋಡಿದ್ದಾರೆ, ಶ್ರೀರಂಗಪಟ್ಟಣ ನೋಡಿದ್ದಾರೆ, ಹುಳಿಯವಲಕ್ಕಿಯ ಬಲದಿಂದ ಒಮ್ಮೆ ಮಂತ್ರಾಲಯದವರೆಗೂ ಹೋಗಿ ಬಂದಿದ್ದಾರೆ. ಹೋಟೆಲಿನ ನೀರನ್ನೂ ಮುಟ್ಟದ ಹೆಂಗಸು. ಉಪ್ಪನ್ನು ತೊಳೆಯಲು ಸಾಧ್ಯವಿದ್ದರೆ ಅದನ್ನೂ ತೊಳೆದೇ ಹಾಕುತ್ತಿದ್ದರು.

ಅಂಥವರು ಭಜನಾ ಮಂಡಳಿಯವರ ಜೊತೆ ಬದರಿಗೆ ಹೆಸರು ಕೊಟ್ಟು ಬಂದರು. ಹಿಂದೆಯೂ ಹೀಗೆ ಹೆಸರು ಕೊಟ್ಟು, ಹೊರಡುವ ವಾರದಲ್ಲಿ ಮಂಡಿನೋವು ಎಂದು ಹಿಂದೆ ಸರಿದಿದ್ದರು. ಮಂಡಿಗೆ ಏನೂ ಆಗಿರಲಿಲ್ಲ. ನೋವು ಇದ್ದದ್ದು ಹೊಟ್ಟೆಯ ಲೆಕ್ಕಾಚಾರದಲ್ಲಿ.

"ಅಕ್ಕ ಅಲ್ಲಿ ಏನು ತಿಂತಾಳೆ, ಹಿಮಾನಾ?" ಎಂದು ನಕ್ಕರು ನಮ್ಮ ಯಜಮಾನರು ದೊರೆಸ್ವಾಮಿ. ಅತ್ತಿಗೆಗೆ ಇವರೊಬ್ಬರೇ ತಮ್ಮ.

"ನಗ್ಬೇಡಿ ರೀ. ನಮ್ಮನೇಲಿ ಮಿಷನ್ ಇದೆಯಲ್ಲ, ಅದ್ಯಾವತ್ತಿಗೆ?" ಎಂದೆ.

ಮಿಷನ್ ಎಂದರೆ ಫ್ರೀಜ್ ಡ್ರೈಯರ್. ಮಗಳು ದೀಪ್ತಿ ತಂದದ್ದು. ಚಾಮರಾಜಪೇಟೆಯ ನಮ್ಮ ನಡುಮನೆಯಲ್ಲಿ ಮೊದಲು ಸೈಕಲ್ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಅದು ಕೂತಿದೆ. ನೋಡಲು ಬಟ್ಟೆ ಒಗೆಯುವ ಮಿಷನ್ನಿನ ತಮ್ಮನ ಹಾಗಿದೆ: ದುಂಡು ಬಾಗಿಲು, ಒಳಗೊಂದು ಡ್ರಮ್ಮು, ಡ್ರಮ್ಮಿನೊಳಗೆ ತಟ್ಟೆಗಳು. ಮಾಡಿದ ಅಡಿಗೆಯನ್ನು ತಟ್ಟೆಯಲ್ಲಿ ಹರವಿ ಇಟ್ಟರೆ ಮೊದಲು ಕಲ್ಲಿನ ಹಾಗೆ ಹೆಪ್ಪುಗಟ್ಟಿಸುತ್ತದೆ. ಆಮೇಲೆ ಒಳಗಿನ ಗಾಳಿಯನ್ನೆಲ್ಲ ಎಳೆದು ಹಾಕುತ್ತದೆ. ಅಡಿಗೆಯಲ್ಲಿದ್ದ ನೀರು ಆವಿಯಾಗಿ ಹೋಗಿ ಡ್ರಮ್ಮಿನ ಗೋಡೆಗೆ ಹಿಮವಾಗಿ ಅಂಟಿಕೊಳ್ಳುತ್ತದೆ, ಅಡಿಗೆ ಮಾತ್ರ ಕರ್ಪೂರದಷ್ಟು ಹಗುರಾಗಿ ಹೊರಗೆ ಬರುತ್ತದೆ. ಕಟ್ಟಿಟ್ಟರೆ ವರ್ಷವಾದರೂ ಕೆಡದು. ಬೇಕಾದಾಗ ಬಿಸಿನೀರು ಹಾಕಿದರೆ ಸಾರು ಸಾರೇ, ಅನ್ನ ಅನ್ನವೇ.

ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಅತ್ತಿಗೆ ಎಲ್ಲ ಕೇಳಿಸಿಕೊಂಡರು. ಆಮೇಲೆ ಹೇಳಿದರು, "ಗುರುವಾರ ಬರ್ತೀನಿ. ಮಿಷನ್ ನಾನೇ ನೋಡ್ಬೇಕು. ಹೇಗೆ ತೊಳೀತೀರಿ ಅಂತ ಕೇಳಿ ಆಮೇಲೆ ಹ್ಞೂಂ ಅಂತೀನಿ."

ಫೋನ್ ಇಟ್ಟ ಮೇಲೆ ಮನೆಯಲ್ಲಿ ಎಲ್ಲರೂ ಮಿಷನ್ನಿನ ಕಡೆ ತಿರುಗಿ ನೋಡಿದೆವು. ಅದರೊಳಗೆ ಆಗ ಬೆಳ್ಳುಳ್ಳಿ ಚಟ್ನಿ ಒಣಗುತ್ತಿತ್ತು.

ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ತಿನ್ನುವುದಿಲ್ಲ. ಅಂದರೆ, ಅತ್ತಿಗೆ ಬಂದಾಗ ತಿನ್ನುವುದಿಲ್ಲ. ಯಜಮಾನರ ವಾಕಿಂಗ್ ಗೆಳೆಯ ಕಾಳಪ್ಪನವರಿಗೆ ಬೆಟ್ಟ ಹತ್ತುವ ಹುಚ್ಚು. ಅವರಿಗೆಂದು ಇವರೇ ನಿಂತು ಮೆಣಸಿನಕಾಯಿ ಬೆಳ್ಳುಳ್ಳಿ ರುಬ್ಬಿ, ತಟ್ಟೆಯ ಅಂಚು ಮೀರುವಷ್ಟು ತುಂಬಿ ಒಳಗೆ ತಳ್ಳಿದ್ದರು. ತಳ್ಳುವಾಗ ಒಂದು ತಟ್ಟೆ ವಾಲಿತ್ತು. "ಏನೂ ಆಗಿಲ್ಲ, ಒರೆಸಿದೀನಿ" ಎಂದಿದ್ದರು. ಗಂಡಸರು ಒರೆಸಿದ್ದೇನೆ ಎಂದರೆ ಅದು ಕಣ್ಣಿಗೆ ಕಾಣುವಷ್ಟನ್ನು ಎಂದು ತಿಳಿಯಬೇಕು.

ಚಟ್ನಿ ಕಾಳಪ್ಪನವರ ಮನೆ ಸೇರಿದ ಮೇಲೆ ನಾನೂ ದೀಪ್ತಿಯೂ ಮಿಷನ್ ತೊಳೆಯಲು ಕೂತೆವು. ಗೋಡೆಗೆ ಕಟ್ಟಿದ್ದ ಹಿಮವನ್ನು ಕರಗಿಸಿ ಕೆಳಗಿನ ನಳಿಕೆಯಿಂದ ಬಕೆಟ್ಟಿಗೆ ಬಿಟ್ಟೆವು. ನೀರು ಹಾಳಾಗಬಾರದೆಂದು ಯಜಮಾನರು ಅದನ್ನು ಕರಿಬೇವಿನ ಗಿಡಕ್ಕೆ ಹಾಕಿದರು. ಆ ದಿನವೆಲ್ಲ ಗಿಡದ ಬುಡದಿಂದಲೇ ಒಗ್ಗರಣೆ ವಾಸನೆ ಬರುತ್ತಿತ್ತು.

ತಟ್ಟೆಗಳನ್ನು ಸೋಪು, ಬಿಸಿನೀರಿನಲ್ಲಿ ತೊಳೆದೆ. ತೆಂಗಿನ ನಾರು ಹಿಡಿದ ನನ್ನ ಕೈಯನ್ನು ದೀಪ್ತಿ ತಡೆದಳು.

"ನಾರು ಬೇಡ ಅಮ್ಮ. ಗೀರು ಬಿದ್ರೆ ಆ ಗೀರಲ್ಲೇ ಕೊಳೆ ಮನೆ ಮಾಡ್ಕೊಳ್ಳುತ್ತೆ. ಬಟ್ಟೆಲೇ ತಿಕ್ಕು."

ಡ್ರಮ್ಮನ್ನು ಸೋಪಿನ ಬಟ್ಟೆಯಲ್ಲಿ, ಆಮೇಲೆ ಬರೀ ನೀರಿನ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿದೆವು. ಬಾಗಿಲು ಬಿಗಿಯಾಗಿ ಕೂರಲೆಂದು ಡ್ರಮ್ಮಿನ ಬಾಯಿಗೆ ಒಂದು ದಪ್ಪ ರಬ್ಬರಿನ ಬಳೆ ಇದೆ. ಅದನ್ನು ದೀಪ್ತಿ ಇದ್ದಲ್ಲೇ ಮೇಲಿಂದ ಮೇಲೆ ಒರೆಸಿದಳು.

"ಇಷ್ಟೇನಾ?" ಎಂದೆ.

"ಇಷ್ಟೇ ಅಮ್ಮ. ಈಗ ಒಂದ್ಸಲ ಬ್ರೆಡ್ ಇಟ್ಟು ಓಡಿಸೋಣ. ಉಳಿದಿರೋ ವಾಸನೆನೆಲ್ಲ ಅದು ಹೀರ್ಕೊಳ್ಳುತ್ತೆ."

"ನಿಮ್ಮತ್ತೆ ಸಾರು ಒಣಗಿಸೋ ಜಾಗಕ್ಕೆ ಬೇಕರಿ ಬ್ರೆಡ್ಡಾ? ಅವರನ್ನ ನನ್ನ ಮನೆಯಿಂದ ಓಡಿಸ್ಬೇಕು ಅಂತಿದೀಯೇನೇ?"

"ಮತ್ತಿನ್ನೇನು ಇಡೋದು?"

"ಇಡ್ಲಿ."

ಅವಳು ನಕ್ಕಳು. ಆದರೆ ಎದುರಿಗಿರುವುದನ್ನು ಹೀರುವುದರಲ್ಲಿ ಇಡ್ಲಿ ಬ್ರೆಡ್ಡಿಗೆ ಅಣ್ಣ. ಸಾಂಬಾರಿನಲ್ಲಿ ಮುಳುಗಿಸಿ ಇತ್ತ ತಿರುಗುವುದರೊಳಗೆ ಬಟ್ಟಲು ಖಾಲಿಯಾಗಿರುವುದಿಲ್ಲವೇ?

ಒಳಗೆ ಹೋಗಿ ಇಡ್ಲಿ ಬೇಯಿಸಿ ತರುವಷ್ಟರಲ್ಲಿ ನಡುಮನೆಯೆಲ್ಲ ಹೊಗೆ. ಯಜಮಾನರು ಮಿಷನ್ನಿನ ಮುಂದೆ ಬೀಸಣಿಗೆ ಹಿಡಿದು ಕೂತಿದ್ದಾರೆ. ಡ್ರಮ್ಮಿನೊಳಗೆ ಧೂಪಾರತಿ, ಅದರಲ್ಲಿ ಕೆಂಡ, ಕೆಂಡದ ಮೇಲೆ ಸಾಂಬ್ರಾಣಿ.

"ಅಪ್ಪಾ! ಸ್ಪಿರಿಟ್ ಒರೆಸಿದ ಜಾಗದಲ್ಲಿ ಕೆಂಡ ಇಡ್ತಾರಾ ಯಾರಾದ್ರೂ?" ದೀಪ್ತಿ ಓಡಿ ಬಂದು ಇಕ್ಕಳದಲ್ಲಿ ಅದನ್ನು ಎತ್ತಿದಳು.

"ಒಣಗಿತ್ತು ಕಣಮ್ಮ, ಮುಟ್ಟಿ ನೋಡೇ ಇಟ್ಟೆ. ಅಕ್ಕನಿಗೆ ಮಡಿ ಆಗ್ಬೇಕಲ್ಲ."

"ಮಡಿಗೋ, ಬೆಳ್ಳುಳ್ಳಿ ಮುಚ್ಚೋಕೋ?" ಎಂದೆ.

"ಎರಡೂ ಆಯ್ತಲ್ಲ, ಬಿಡು."

ಮಸಿಯನ್ನು ಇನ್ನೊಮ್ಮೆ ಒರೆಸಿ ಇಡ್ಲಿ ಇಟ್ಟು ಬಾಗಿಲು ಹಾಕಿದೆವು.

ಗುರುವಾರ ಅತ್ತಿಗೆ ಆಟೋ ಇಳಿದು ಬಂದರು. ತಾವೇ ತಂದ ನೀರನ್ನು ಕುಡಿದು, ಸೆರಗು ಸುತ್ತಿಕೊಂಡು, ಹೆಣ್ಣು ನೋಡಲು ಬಂದವರ ಹಾಗೆ ಮಿಷನ್ನಿನ ಎದುರು ಕೂತರು.

"ಏನೇನು ಹಾಕಿ ತೊಳೆದ್ರಿ?"

"ಸೋಪು, ಬಿಸಿನೀರು. ಕೊನೇಲಿ ಸ್ಪಿರಿಟ್ ಅತ್ತೆ" ಎಂದಳು ದೀಪ್ತಿ.

"ಸ್ಪಿರಿಟ್ಟಾ? ಸಾರಾಯಿ ಜಾತೀದು ತಾನೆ ಅದು?"

"ನೀವು ದಿನಾ ನಾಲಿಗೆ ಮೇಲೆ ಇಟ್ಕೋತೀರಲ್ಲ ಹೋಮಿಯೋಪತಿ ಗುಳಿಗೆ, ಅದರ ಮೇಲೆ ಹಾಕೋದೂ ಆ ಜಾತೀದೇ ಅತ್ತೆ."

"ಅದು ಔಷಧಿ ಕಣೇ."

"ಇದೂ ಮಿಷನ್ನಿಗೆ ಔಷಧಿ. ಅದೇನು ಕುಡಿಯೋದಿಲ್ಲ, ಮೈಗೆ ಹಚ್ಕೊಳ್ಳುತ್ತೆ ಅಷ್ಟೆ. ಆಮೇಲೆ ಹಾರಿಹೋಗುತ್ತೆ."

ಅತ್ತಿಗೆ ನನ್ನ ಕಡೆ ನೋಡಿದರು. "ಇವಳಿಗೆ ಮಾತು ಕಲಿಸಿದ್ದು ನೀನಾ, ಇವನಾ?" ಆಮೇಲೆ ತಮ್ಮನ ಕಡೆ ತಿರುಗಿದರು. "ದೊರೆ, ಹಿಂದೆ ಏನು ಮಾಡಿದ್ರೋ ಇದರಲ್ಲಿ?"

"ಚಟ್ನಿ ಅಕ್ಕ."

"ಏನು ಚಟ್ನಿ?"

"ಕೆಂಪು ಚಟ್ನಿ."

ದೀಪ್ತಿ ಕೆಮ್ಮು ಬಂದವಳ ಹಾಗೆ ಮುಖ ತಿರುಗಿಸಿ, ಮಾತು ಬೆಳೆಯುವ ಮೊದಲೇ ಮಿಷನ್ನಿನ ಬಾಗಿಲು ತೆಗೆದಳು. ಒಳಗೆ ಡ್ರಮ್ಮಿನ ಗೋಡೆ ಸುತ್ತಲೂ ಹಿಮ ಹೊದ್ದುಕೊಂಡಿತ್ತು. ಬೆಳ್ಳಗೆ, ಮೃದುವಾಗಿ, ಈಗಷ್ಟೇ ತುರಿದ ಕಾಯಿಯ ಹಾಗೆ.

"ಇದೇನೇ ಇದು?"

"ಇಡ್ಲಿಯಿಂದ ಬಂದ ನೀರು ಅತ್ತೆ. ಹಿಮ."

"ಹಿಮಾನಾ?" ಅತ್ತಿಗೆ ಎದ್ದು ಹತ್ತಿರ ಬಂದರು. ಕೈ ಚಾಚಿ, ಹಿಂದೆಗೆದು, ಮತ್ತೆ ಚಾಚಿ, ಒಂದು ಬೆರಳಿನಲ್ಲಿ ಮುಟ್ಟಿದರು. "ಬದರೀಲೂ ಹೀಗೇ ಇರುತ್ತೇನೇ?"

"ಇದಕ್ಕಿಂತ ಜಾಸ್ತಿ. ಗುಡ್ಡದ ಮೇಲೆಲ್ಲ."

ಬೆರಳ ತುದಿಯಲ್ಲಿ ಬಂದ ಚೂರನ್ನು ಅವರು ತೀರ್ಥದ ಹಾಗೆ ಕಣ್ಣಿಗೆ ಒತ್ತಿಕೊಂಡರು. ಕೈ ಮೂಗಿನ ಮುಂದೆ ಹಾದುಹೋಗುವಾಗ ಒಂದು ಗಳಿಗೆ ನಿಂತಿತು. ಆಮೇಲೆ ಸದ್ದಿಲ್ಲದೆ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ನಾನು ನೋಡಿದೆ.

ದೀಪ್ತಿ ಒಂದು ಒಣ ಇಡ್ಲಿ ಕೊಟ್ಟಳು. ಅತ್ತಿಗೆ ಮೂಸಿದರು. "ಸಾಂಬ್ರಾಣಿ. ದೇವರ ಮನೆ ವಾಸನೆ, ಚೆನ್ನಾಗಿದೆ" ಎಂದರು. "ಶೈಲಾ, ಸಾರು, ಹುಳಿಯನ್ನ, ಮೊಸರನ್ನ, ಅಷ್ಟು ಮಾಡಿಕೊಡು. ನಾನಿನ್ನು ಹೊರಡ್ತೀನಿ."

ಯಜಮಾನರ ಮುಖ ಅರಳಿತು. ನನಗೆ ಮಾತ್ರ ಅನುಮಾನ. ಸೊಪ್ಪನ್ನು ಏಳು ನೀರಿನಲ್ಲಿ ತೊಳೆಯುವ ಹೆಂಗಸು ಇಷ್ಟು ಬೇಗ ಒಪ್ಪಿದ್ದನ್ನು ನಾನು ಕಂಡಿರಲಿಲ್ಲ. ಬಾಗಿಲ ಪಕ್ಕದ ತಟ್ಟೆಯಿಂದ ಒಂದು ಇಡ್ಲಿ ತೆಗೆದು ಮುರಿದು ಮೂಗಿಗೆ ಹಿಡಿದೆ. ಮೊದಲು ಸಾಂಬ್ರಾಣಿ ಬಂತು. ಅದರ ಬೆನ್ನಿಗೇ, ಕಂಬಳಿ ಹೊದ್ದು ಮಲಗಿದವನ ಕಾಲು ಹೊರಗೆ ಕಂಡ ಹಾಗೆ, ಬೆಳ್ಳುಳ್ಳಿ ಬಂತು.

ಯಜಮಾನರು ಅಕ್ಕನ ಬೆನ್ನ ಹಿಂದೆ ನಿಂತು ಕಣ್ಣಲ್ಲೇ ಬೇಡಿಕೊಂಡರು: ಸುಮ್ಮನಿರು.

ಸುಮ್ಮನಿರಬಹುದಿತ್ತು. ಆದರೆ ಒಣಗಿದಾಗ ಮಲಗಿರುವ ವಾಸನೆ ಬಿಸಿನೀರು ಬಿದ್ದ ಕೂಡಲೇ ಎದ್ದು ಕೂರುತ್ತದೆ. ಇಲ್ಲಿ ಎದ್ದರೆ ಪರವಾಗಿಲ್ಲ, ಬೇರೆ ಅಡಿಗೆ ಮಾಡಬಹುದು. ಅಲ್ಲಿ, ಆ ಚಳಿಯಲ್ಲಿ, ಬಟ್ಟಲು ಮುಂದಿಟ್ಟುಕೊಂಡು ಈಕೆ ಉಪವಾಸ ಕೂತರೆ?

"ಅತ್ತಿಗೆ, ಸ್ವಲ್ಪ ತಡೀರಿ. ಬರೀ ಸಾಂಬ್ರಾಣಿ ಅಲ್ಲ ಅದು. ಕೆಳಗೆ ಬೆಳ್ಳುಳ್ಳಿ ಇದೆ. ಕೆಂಪು ಚಟ್ನಿ ಅಂದ್ರಲ್ಲ, ಅದು ಬೆಳ್ಳುಳ್ಳಿ ಚಟ್ನಿ."

ಅತ್ತಿಗೆ ಮತ್ತೆ ಕುರ್ಚಿಯಲ್ಲಿ ಕೂತರು. ಕೈಯಲ್ಲಿದ್ದ ಇಡ್ಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಂಗೂ ಗೊತ್ತಾಯ್ತು ಕಣೇ" ಎಂದರು ಕೊನೆಗೆ. "ಆ ಹಿಮದಲ್ಲೇ ಬಂತು."

"ಮತ್ತೆ ಯಾಕೆ ಸುಮ್ನಿದ್ರಿ?"

"ಇನ್ನೊಂದ್ಸಲ ಮಂಡಿನೋವು ಅಂತ ಹೇಳೋಕೆ ಬೇಜಾರು."

ಅಷ್ಟು ವರ್ಷದಲ್ಲಿ ಅತ್ತಿಗೆಯ ಬಾಯಿಂದ ಅಂಥ ಮಾತನ್ನು ನಾನು ಕೇಳಿರಲಿಲ್ಲ. ಯಜಮಾನರು ಸಮಾಧಾನ ಹೇಳಲು ಹೋದರು. ಅದೇ ತಪ್ಪಾಯಿತು.

"ಅಕ್ಕ, ಅದು ಕಾಳಪ್ಪನಿಗೆ ಮಾಡಿದ್ದು. ನಾವ್ಯಾರೂ ಮನೇಲಿ..."

"ನೀನು ಬಾಯಿ ಮುಚ್ಚೋ ದೊರೆ. ನಮ್ಮನೆಗೆ ಬಂದಾಗೆಲ್ಲ ಗೇಟಿನ ಹತ್ರ ನಿಂತು ಬಾಯಿಗೆ ಏಲಕ್ಕಿ ಹಾಕ್ಕೋತೀಯಲ್ಲ, ಏಲಕ್ಕಿ ಯಾಕೆ ಅಂತ ನಂಗೆ ಗೊತ್ತಾಗಲ್ವಾ? ಮಿಷನ್ನಿಗೂ ಅದೇ ಏಲಕ್ಕಿ ಕೊಟ್ಟಿದೀಯ."

ದೀಪ್ತಿ ಈ ಸಲ ಕೆಮ್ಮಲಿಲ್ಲ, ಜೋರಾಗಿಯೇ ನಕ್ಕಳು. ಅತ್ತಿಗೆಯೂ ನಕ್ಕರು. ಅವರು ನಕ್ಕ ಮೇಲೆ ನನಗೆ ಕೈಕಾಲು ಆಡಿತು. ಎದ್ದು ಡ್ರಮ್ಮಿನ ಬಾಯಿಯ ರಬ್ಬರನ್ನು ಕಿತ್ತು ತೆಗೆದೆ.

"ಮೇಲೆ ಒರೆಸಿದ್ರೆ ಆಗೋದಿಲ್ಲ ದೀಪ್ತಿ. ಇದು ಕುಕ್ಕರ್ ರಬ್ಬರಿನ ಅಕ್ಕ. ಪಾಯಸ ಮಾಡಿದ್ರೂ ಹಿಂದಿನ ದಿನದ ಹುಳಿ ವಾಸನೆ ಹೇಳುತ್ತಲ್ಲ, ಯಾಕೆ? ರಬ್ಬರು ಯಾವುದನ್ನೂ ಮರೆಯೋದಿಲ್ಲ."

ರಬ್ಬರು ಕೂರುವ ಸಂದಿಗೆ ಅತ್ತಿಗೆ ಒದ್ದೆ ಬಟ್ಟೆ ಸುತ್ತಿದ ಬೆರಳು ಹಾಕಿ ಒಂದು ಸುತ್ತು ಎಳೆದರು. ಬಟ್ಟೆಯ ಮೇಲೆ ಒಣಗಿದ ಚಟ್ನಿಯ ಕೆಂಪು ಪುಡಿ. ಅದನ್ನು ತಮ್ಮನ ಮೂಗಿನ ಹತ್ತಿರ ಹಿಡಿದರು.

"ಒರೆಸಿದ್ಯಾ?"

"ಒರೆಸಿದ್ದೆ ಅಕ್ಕ."

"ಕಾಣ್ತಾ ಇದೆ."

ಮಿಷನ್ನಿನ ಜೊತೆ ಇನ್ನೊಂದು ರಬ್ಬರು ಬಂದಿತ್ತು, ಹಾಳಾದರೆ ಹಾಕಲಿ ಎಂದು. ದೀಪ್ತಿ ಅದನ್ನು ಅಟ್ಟದಿಂದ ಇಳಿಸಿದಳು. ಇನ್ನೂ ಯಾರೂ ಬಳಸದ್ದು ಎಂದು ಕೇಳಿದ ಮೇಲೆ ಅತ್ತಿಗೆಯ ಮುಖ ಹಗುರವಾಯಿತು. ಯಾರ ಕೈಗೂ ಕೊಡದೆ ತಾವೇ ಹಿತ್ತಿಲ ನಲ್ಲಿಯಲ್ಲಿ ಸೋಪು ಹಾಕಿ ತೊಳೆದು, ಒಗೆದ ಸೀರೆಯ ಪಕ್ಕ ತಂತಿಗೆ ನೇತುಹಾಕಿದರು. ಅಂದು ಅವರು ಮಲ್ಲೇಶ್ವರಕ್ಕೆ ಹೋಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ನಮ್ಮ ಜೊತೆ ಕೂತು ಹಿಮ ಕರಗಿಸಿದರು, ತಟ್ಟೆ ತೊಳೆದರು, ಡ್ರಮ್ಮಿನ ಸಂದಿಗೊಂದಿಗೆಲ್ಲ ಬೆರಳು ಹಾಕಿದರು. ಸ್ಪಿರಿಟ್ ಬಟ್ಟೆ ಕೈಗೆ ಬಂದಾಗ ಒಂದು ಕ್ಷಣ ತಡೆದು, "ಔಷಧಿ" ಎಂದು ತಮಗೆ ತಾವೇ ಹೇಳಿಕೊಂಡು ಒರೆಸಿದರು. ಯಜಮಾನರಿಗೆ ಕೊಟ್ಟ ಕೆಲಸ ಒಂದೇ: ದೂರ ಕೂತಿರುವುದು.

ಹೊಸ ರಬ್ಬರು ಹಾಕಿ ಮತ್ತೆ ಇಡ್ಲಿ ಓಡಿಸಿದೆವು. ಈ ಸಲ ಅತ್ತಿಗೆ ಮೂಸಿ ಬಿಡಲಿಲ್ಲ. ಒಂದನ್ನು ಬಟ್ಟಲಿಗೆ ಹಾಕಿ, ಕುದಿಯುವ ನೀರು ಹೊಯ್ದು, ಏಳುವ ಹಬೆಗೆ ಮುಖ ಒಡ್ಡಿ ಕಾದರು. ಆಮೇಲೆ ತಿಂದರು. "ಉಪ್ಪು ಕಡಿಮೆ" ಎಂದರು. ಒಪ್ಪಿಗೆ ಎಂದರೆ ಅವರಲ್ಲಿ ಅದೇ.

ಸಾರು, ಹುಳಿಯನ್ನ, ಮೊಸರನ್ನ ಎಲ್ಲ ಒಣಗಿ ಪೊಟ್ಟಣಗಳಾದವು. ಅತ್ತಿಗೆ ಹೊರಟರು. ಹೋಗುವ ಮುಂಚೆ ತಮ್ಮ ರಬ್ಬರನ್ನು ತೊಳೆದು ಒರೆಸಿ, ನಮ್ಮ ದೇವರ ಮನೆಯ ಹೊರಗಿನ ಗೂಟಕ್ಕೆ, ಮಡಿ ಪಂಚೆಯ ಪಕ್ಕದಲ್ಲಿ ಸಿಕ್ಕಿಸಿ ಹೋದರು. ಈಗ ಮನೆಯಲ್ಲಿ ಎರಡು ರಬ್ಬರಿವೆ. ಒಂದು ನಮ್ಮದು, ಒಂದು ಮಡಿಯದು. ಸ್ನಾನ ಮಾಡದೆ ಅದನ್ನು ಮುಟ್ಟಲು ಯಜಮಾನರಿಗೂ ಧೈರ್ಯವಿಲ್ಲ.

ಆಮೇಲೆ ಒಂದು ದಿನ ಫೋನ್ ಬಂತು. ಹಿಂದೆ ಗಂಟೆಯ ಸದ್ದು, ಜನರ ಗಲಾಟೆ, ಗಾಳಿ.

"ಅತ್ತಿಗೆ, ಬದರಿ ತಲುಪಿದ್ರಾ? ಊಟ ಮಾಡಿದ್ರಾ? ಮೊಸರನ್ನ ಹೇಗಿತ್ತು?"

"ಮೊಸರನ್ನ ಇರ್ಲಿ ಕಣೇ" ಎಂದರು. ಉಸಿರು ಕಟ್ಟಿದ ಹಾಗೆ ಮಾತಾಡುತ್ತಿದ್ದರು. "ಎದುರಿಗೆ ಗುಡ್ಡದ ತುಂಬ ಹಿಮ. ನಿಮ್ಮ ಮಿಷನ್ ಒಳಗಿತ್ತಲ್ಲ, ಅದೇ. ಕೈಯಲ್ಲಿ ತೊಗೊಂಡು ಮೂಸಿ ನೋಡ್ದೆ."

"ಮೂಸಿದ್ರಾ?"

"ಹ್ಞೂಂ. ದೊರೆಗೆ ಹೇಳು, ಇಲ್ಲಿ ಚೆನ್ನಾಗಿ ಒರೆಸಿದಾರೆ."