ಮುತ್ತು ನಿಷಿದ್ಧವಾದ ಬುಧವಾರ

ಈಸ್ಟರ್‌ಗೆ ಮುಂಚಿನ ಬುಧವಾರದಿಂದ ನಮ್ಮೂರಲ್ಲಿ ಯಾರೂ ಯಾರಿಗೂ ಮುತ್ತಿಡುವುದಿಲ್ಲ. ಶಿಷ್ಯನಾಗಿದ್ದ ಯೂದ ಮುತ್ತಿಟ್ಟೇ ಅಲ್ಲವೇ ಯೇಸುವನ್ನು ಹಿಡಿದುಕೊಟ್ಟಿದ್ದು? ಹಬ್ಬದ ಪೂಜೆ ಮುಗಿಯುವವರೆಗೆ ತಾಯಿ ಮಗುವಿನ ಕೆನ್ನೆಗೂ ತುಟಿ ತಾಗಿಸುವ ಹಾಗಿಲ್ಲ. ನನ್ನ ಗಂಡ ಬದುಕಿದ್ದಾಗ ಈ ನೇಮವನ್ನು ವರ್ಷಪೂರ್ತಿ ಪಾಲಿಸಿದ, ಪುಣ್ಯಾತ್ಮ.

ಅದೇ ಬುಧವಾರ ಯೋಬನ ಸೊಪ್ಪಿನ ಸ್ನಾನವೂ ಹೌದು. ಮೈಯೆಲ್ಲ ಹುಣ್ಣಾಗಿದ್ದ ಯೋಬ ನದಿಯಲ್ಲಿಳಿದು ಆ ಸೊಪ್ಪಿನಿಂದ ತಿಕ್ಕಿಕೊಂಡು ವಾಸಿಯಾದನಂತೆ. ಬೆಳಿಗ್ಗೆ ನಾನು ಹೊಸ್ತಿಲಲ್ಲಿ ಕೂತು ಬಿಸಿನೀರಿಗೆ ಸೊಪ್ಪು ಹಿಚುಕುತ್ತಿದ್ದೆ. ಸ್ಟೇಷನ್ ಕಡೆಯಿಂದ ಬಂದ ಆಟೋ ಮನೆ ಮುಂದೆ ನಿಂತಿತು. ಇಳಿದವಳು ನನ್ನ ತಂಗಿ ರಿಫ್ಕಾ.

ಒಂಬತ್ತು ವರ್ಷದಿಂದ ನಮಗೆ ಮಾತಿಲ್ಲ. ನನ್ನ ಮಗಳ ಮದುವೆಯಲ್ಲಿ ರಿಫ್ಕಾಳ ಗಂಡನ ತಟ್ಟೆಗೆ ಹೊಟ್ಟೆಯೊಳಗೆ ಅಕ್ಕಿ ತುಂಬಿ ಹುರಿದ ಪಾರಿವಾಳ ಬೀಳಲಿಲ್ಲ. ಮುನ್ನೂರು ಜನ ಉಣ್ಣುವಾಗ ಒಂದು ಹಕ್ಕಿ ತಪ್ಪಿತು, ಅಷ್ಟೇ. ಅವಳು ಗಂಡನೂರಾದ ಅಸ್ಯೂತ್‌ಗೆ ಹೋದವಳು ತಿರುಗಿ ನೋಡಲಿಲ್ಲ. ನಾನೂ ಬಿಗಿದುಕೊಂಡೇ ಇದ್ದೆ. ಆದರೆ ಸ್ಟೇಷನ್ ಕಡೆಯ ತಿರುವಿನಲ್ಲಿ ಬಂದ ಗಾಡಿಗಳನ್ನೆಲ್ಲ, ನಾಲ್ಕು ಲಕ್ಷವಾದರೂ ಇರಬೇಕು, ಒಂದನ್ನೂ ಬಿಡದೆ ಇಣುಕಿ ನೋಡಿದ್ದೆ.

ಅವಳು ಕೈಚಾಚಿ ಓಡಿಬಂದು ನನ್ನ ಕೆನ್ನೆಗೆ ಬಾಗಿದಳು.

ನಾನು ಹಾವು ಕಂಡವಳಂತೆ ಹಿಂದೆ ಹಾರಿದೆ. ಬೇಕೆಂದು ಮಾಡಿದ್ದಲ್ಲ, ಅರವತ್ತೆಂಟು ವರ್ಷದ ರೂಢಿ ತಾನೇ ಹಾರಿತು. ಓಣಿಯ ಹೆಂಗಸರೆಲ್ಲ ನೋಡಿದರು. ರಿಫ್ಕಾಳ ಕೈ ಗಾಳಿಯಲ್ಲೇ ಉಳಿಯಿತು.

"ಆಯ್ತು ಬಿಡಕ್ಕ," ಅಂದಳು. "ನಾ ಬಂದಿದ್ದೇ ತಪ್ಪು."

ಆಟೋ ಇನ್ನೂ ಅಲ್ಲೇ ಇತ್ತು. ನಾನು ಬಾಗಿಲು ಹಾಕಿಕೊಂಡರೆ ಅಂತ ಕಾಯಲು ಹೇಳಿದ್ದಳಂತೆ. ಅವಳು ಅದರೊಳಗೆ ಒಂದು ಕಾಲಿಟ್ಟಳು. ಇನ್ನೊಂದು ಕಾಲೂ ಒಳಗೆ ಹೋದರೆ ಇವಳನ್ನು ಮತ್ತೆ ನೋಡುವುದು ಸ್ವರ್ಗದಲ್ಲೇ, ಅದೂ ನನ್ನನ್ನು ಒಳಗೆ ಬಿಟ್ಟರೆ. ಓಡಿಹೋಗಿ ಒದ್ದೆ ಕೈಯಲ್ಲೇ ಅವಳ ತಲೆವಸ್ತ್ರ ಹಿಡಿದೆ. ಕೈಯಲ್ಲಿದ್ದ ಸೊಪ್ಪನ್ನು ಅವಳ ಮೂಗಿಗೆ ಹಿಡಿದೆ.

"ಲೇ, ಇವತ್ತು ಯಾವ ವಾರ?"

ಘಾಟು ಮೂಗಿಗೆ ಹೊಡೆದದ್ದೇ ಅವಳು ಬಾಯಿ ಮುಚ್ಚಿಕೊಂಡಳು. ಸಿಟ್ಟು, ಭಯ, ರೈಲು ಮೂರೂ ಸೇರಿ ಅವಳ ತಲೆಯಿಂದ ಬುಧವಾರವನ್ನೇ ಉದುರಿಸಿದ್ದವು.

"ಒಂಬತ್ತು ವರ್ಷ ಕೊಡದೋಳು," ಅಂದೆ, "ಹುಡುಕಿ ಹುಡುಕಿ ಇವತ್ತೇ ಕೊಡೋಕೆ ಬಂದ್ಯಾ?"

ನಗುತ್ತಲೋ ಅಳುತ್ತಲೋ ಅವಳು ಆಟೋದವನಿಗೆ ಹೋಗೆಂದು ಕೈಸನ್ನೆ ಮಾಡಿದಳು.

ಹೊಸ್ತಿಲಲ್ಲಿ ಕೂರಿಸಿ ತಲೆವಸ್ತ್ರ ಬಿಚ್ಚಿದೆ. ನಾನು ಕೊನೆಯ ಸಲ ನೋಡಿದಾಗ ಕಪ್ಪಗಿದ್ದ ಕೂದಲು ಪೂರಾ ಬೆಳ್ಳಗಾಗಿತ್ತು. ಸೊಪ್ಪಿನ ನೀರು ಹುಯ್ದೆ. ನನ್ನ ಅಂಗೈಯಡಿ ಅದೇ ತಲೆ, ಅವಳು ಮೂರು ವರ್ಷದವಳಿದ್ದಾಗ ನಾನು ತೊಳೆಯುತ್ತಿದ್ದ ತಲೆ, ಬೆಚ್ಚಗೆ ಮಿಡಿಯುತ್ತಿತ್ತು. ತಮಾಷೆ ನೋಡಲು ಬಂದ ಹೆಂಗಸರು ತಲೆವಸ್ತ್ರ ಎಳೆದುಕೊಂಡು ತಲೆಬಾಗಿದರು. ಚರ್ಚಿನಿಂದ ಶೋಕದ ರಾಗ ಎಳೆಎಳೆಯಾಗಿ ಬರುತ್ತಿತ್ತು. ದೇವರು ಪಕ್ಕದಲ್ಲೇ ಬಂದು ನಿಂತಿದ್ದಾನೆ ಅನ್ನಿಸಿ ನನಗೆ ತಲೆಯೆತ್ತಲು ಧೈರ್ಯವಾಗಲಿಲ್ಲ.

"ಸಾಕಾ?" ಅಂದೆ.

"ಇನ್ನೊಂಚೂರು ಹುಯ್ಯಕ್ಕ," ಅಂದಳು, ಕಣ್ಣುಮುಚ್ಚಿಕೊಂಡೇ.

ಬೋಗುಣಿಯಲ್ಲಿ ನೀರು ಮುಗಿದಿತ್ತು. ಹೇಳಲಿಲ್ಲ. ಬರಿಗೈಯಲ್ಲೇ ಅವಳ ತಲೆ ತೊಳೆಯುತ್ತಾ ಕೂತೆ.